ಹಂಸದ ಬಾಲದ ಕೆಂಪು ಗುಂಡಿ

ನನ್ನ ಕೈಯಲ್ಲಿ ದೋಷವಿಲ್ಲ. ಇದೆ ಎಂದು ಎರಡು ವರ್ಷ ಊರೆಲ್ಲ ಹೇಳಿತು, ಕೇಳಿ ಕೇಳಿ ನಾನೂ ನಂಬಿದೆ. ಈಗ ಇಲ್ಲ ಎಂದು ಗೊತ್ತಾಗಿದೆ. ಗೊತ್ತಾದ ದಿನದಿಂದ ಊಟ ಸೇರುತ್ತಿದೆ, ಹಾಸಿಗೆಗೆ ಬೆನ್ನು ಕೊಟ್ಟರೆ ನಿದ್ದೆ ಬರುತ್ತಿದೆ, ಅಂಗಡಿಯಲ್ಲಿ ಗಿರಾಕಿಗಳ ಮೇಲೆ ರೇಗುವುದೂ ಅರ್ಧ ಕಡಿಮೆಯಾಗಿದೆ ಎಂದು ನನ್ನ ಹೆಂಡತಿ ಭಾನುಪ್ರಿಯ ಹೇಳುತ್ತಾಳೆ. ಪೂರ್ತಿ ನಿಲ್ಲುವುದಿಲ್ಲ, ಗಿರಾಕಿಗಳು ಅವರೇ ಇದ್ದಾರಲ್ಲ. ಓದುವವರಲ್ಲಿ ಒಂದು ಮಾತು: ಇದನ್ನು ಮರಳವಾಡಿಯಲ್ಲಿ ಯಾರಿಗೂ ಓದಿ ಹೇಳಬೇಡಿ. ಯಾಕೆ ಎನ್ನುವುದು ಓದುತ್ತ ಓದುತ್ತ ನಿಮಗೇ ತಿಳಿಯುತ್ತದೆ.

ನನ್ನ ಹೆಸರು ಜಯಕುಮಾರ್. ಹುಟ್ಟಿದ್ದು ಮರಳವಾಡಿ, ಅನ್ನ ಹುಟ್ಟುವುದು ರಾಮನಗರದಲ್ಲಿ. ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಮೋಟರ್ ರೀವೈಂಡಿಂಗ್ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷವಾಯಿತು. ರೇಷ್ಮೆ ನೂಲು ತೆಗೆಯುವವರ ಮೋಟರು ಸುಟ್ಟರೆ ಹೊಸ ತಂತಿ ಸುತ್ತಿಸಲು ನನ್ನ ಹತ್ತಿರ ತರುತ್ತಾರೆ, ತಂದ ಮರುಕ್ಷಣವೇ ಆಯಿತಾ ಎಂದು ಕೇಳುತ್ತಾರೆ. ಪಕ್ಕದಂಗಡಿ ರಸೂಲ್‌ನದು. ನಾಟಕದ ಪರದೆ, ಸಿಂಹಾಸನ, ಕಿರೀಟ, ಗದೆ, ಗಡ್ಡ ಮೀಸೆ ಎಲ್ಲವನ್ನೂ ಬಾಡಿಗೆಗೆ ಕೊಡುತ್ತಾನೆ. ಕನಕಪುರ, ಮಾಗಡಿ, ಚನ್ನಪಟ್ಟಣದ ಯಾವ ಹಳ್ಳಿಯಲ್ಲಿ ಪೌರಾಣಿಕ ನಾಟಕವಾದರೂ ಹಿಂದೆ ತೂಗುವ ಅರಮನೆ, ಕಾಡು ಅವನವೇ. ಮೂರು ವರ್ಷದ ಹಿಂದೆ ಅವನು ಬೆಂಗಳೂರಿನ ಯಾರೋ ಮದುವೆ ಡೆಕೋರೇಶನ್‌ನವರಿಂದ ಒಂದು ಹಂಸವನ್ನು ಕೊಂಡು ತಂದ. ಗಂಡು ಹೆಣ್ಣನ್ನು ಕೂರಿಸಿಕೊಂಡು ಮಂಟಪದವರೆಗೆ ತಾನಾಗಿ ಹೋಗುವ ಹಂಸ. ಕತ್ತೇ ಆಳೆತ್ತರ, ಫೈಬರಿನ ಮೈ, ಕೆಳಗೆ ನಾಲ್ಕು ಚಕ್ರದ ಕಬ್ಬಿಣದ ಗಾಡಿ. ಒಳಗಿನ ಮೋಟರು ಸತ್ತಿತ್ತು. ಇದನ್ನು ಓಡಿಸಿಕೊಟ್ಟರೆ ಜಿಲ್ಲೆಯ ನಾಟಕಗಳೆಲ್ಲ ನಮ್ಮವೇ ಎಂದ.

ಓಡಿಸಿಕೊಟ್ಟೆ. ಕೆಟ್ಟುಹೋದ ಬ್ಯಾಟರಿ ಆಟೊ ಒಂದರ ಮೋಟರು ಬಿಚ್ಚಿ ಹಾಕಿದೆ. ಹೊಟ್ಟೆಯೊಳಗೆ ಬ್ಯಾಟರಿ, ಕೈಯಲ್ಲಿ ರಿಮೋಟು. ಒಂದು ಗುಂಡಿ ಒತ್ತಿದರೆ ಹೊರಡುತ್ತದೆ, ಇನ್ನೊಂದು ಒತ್ತಿದರೆ ನಿಲ್ಲುತ್ತದೆ. ರಿಮೋಟು ಕೈಕೊಟ್ಟರೆ ಇರಲಿ ಎಂದು ಬಾಲದ ಹತ್ತಿರ ಒಂದು ಕಬ್ಬಿಣದ ಪೆಟ್ಟಿಗೆ, ಅದರ ಮೇಲೆ ಅಣಬೆಯ ಆಕಾರದ ದಪ್ಪ ಕೆಂಪು ಗುಂಡಿ. ಕಾರ್ಖಾನೆಗಳಲ್ಲಿ ಎಲ್ಲ ಮಷೀನಿನ ಮೇಲೂ ಇರುತ್ತದಲ್ಲ, ಅಂಥದ್ದು. ಅದನ್ನು ಒತ್ತಿದರೆ ಬ್ಯಾಟರಿಯ ಸಂಪರ್ಕವೇ ಕಡಿದುಹೋಗುತ್ತದೆ, ಮೋಟರು ಸತ್ತಂತೆಯೇ.

ಹಂಸವನ್ನು ಮೊದಲು ಓಡಿಸಿದ್ದು ನಮ್ಮೂರಲ್ಲೇ. ಹಾರ್ಮೋನಿಯಂ ಮೇಷ್ಟ್ರು ಹೊಸ ನಾಟಕ ಬರೆದಿದ್ದರು, ಅದರಲ್ಲಿ ಗಂಧರ್ವರಾಜ ಆಕಾಶದಿಂದ ಇಳಿದು ಬರಬೇಕು. ಗಂಧರ್ವನ ಪಾತ್ರ ಅನಂತರಾಜುವಿನದು. ಅವನೂ ನಾನೂ ಒಂದನೇ ಕ್ಲಾಸಿನಿಂದ ಒಂದೇ ಬೆಂಚು, ಒಂದೇ ಪೆಟ್ಟು. ಸಂಜೆ ಏಳರ ಹೊತ್ತಿಗೆ ಪರದೆ ಸರಿಯಿತು, ಹಂಸ ಹೊರಟಿತು, ಜನ ಎದ್ದು ನಿಂತು ಶಿಳ್ಳೆ ಹೊಡೆದರು. ಸೀಮೆಸುಣ್ಣದಲ್ಲಿ ಎಳೆದಿದ್ದ ಗೆರೆ ಬಂದಾಗ ನಿಲ್ಲಿಸುವ ಗುಂಡಿ ಒತ್ತಿದೆ. ನಿಲ್ಲಲಿಲ್ಲ. ರಿಮೋಟಿನ ಮಾತು ಕೇಳಬೇಕಾದ ಒಳಗಿನ ಸ್ವಿಚ್ಚು ಬಿಸಿಗೆ ಅಂಟಿಕೊಂಡಿತ್ತು. ಅದು ಆಗುವಂಥದ್ದೇ, ಅದಕ್ಕೇ ಕೆಂಪು ಗುಂಡಿ ಇಟ್ಟಿರುವುದು. ವೇದಿಕೆಯ ಪಕ್ಕದ ಪರದೆಯ ಹಿಂದಿನಿಂದ ಓಡಿ ಹೋಗಿ ಬಾಲದ ಹತ್ತಿರ ಬಗ್ಗಿ ಅಂಗೈಯಿಂದ ಅದನ್ನು ಒತ್ತಿದೆ. ಒತ್ತಿದ್ದು ಇವತ್ತಿಗೂ ನೆನಪಿದೆ. ಮೆತ್ತಗೆ ಹತ್ತಿದಂತಾಯಿತು, ನನ್ನ ಕೈಯಲ್ಲೇ ಬಲವಿಲ್ಲ ಎನ್ನುವ ಹಾಗೆ. ಹಂಸದ ಮುಂದಿನ ಚಕ್ರ ವೇದಿಕೆಯ ಅಂಚು ದಾಟಿತು, ಅನಂತರಾಜು ಕಿರೀಟ ಸಮೇತ ಐದಡಿ ಕೆಳಗೆ ಬಿದ್ದ. ತೊಡೆಮೂಳೆ ಮುರಿಯಿತು. ರಾಡು ಹಾಕಿದರು, ಎಂಟು ತಿಂಗಳು ಮಲಗಿದ, ಎದ್ದ ಮೇಲೆ ಕುಂಟುತ್ತಾನೆ.

ಮರುದಿನ ಬೆಳಿಗ್ಗೆ ಊರಿನವರು ಹಂಸವನ್ನು ಎತ್ತಿ ನಿಲ್ಲಿಸಿ, ರಸೂಲ್‌ನ ಕೈಯಿಂದ ಕೆಂಪು ಗುಂಡಿ ಒತ್ತಿಸಿ ನೋಡಿದರು. ಬೆರಳು ತಾಗಿಸಿದರೆ ಸಾಕು, ಟಕ್ಕೆಂದು ನಿಲ್ಲುತ್ತಿತ್ತು. ಅಲ್ಲಿಗೆ ತೀರ್ಮಾನವಾಯಿತು. ಗುಂಡಿ ಸರಿಯಾಗಿದೆ, ಒತ್ತಿದವನು ಸರಿಯಿಲ್ಲ. ಕುಡಿದಿದ್ದ ಎಂದು ಕೆಲವರು. ನಾನು ಕುಡಿಯುವುದು ಶುಂಠಿ ಕಷಾಯ, ಅದೂ ಗಂಟಲು ಕಟ್ಟಿದರೆ. ಹೆದರಿ ಕೈ ಮರಗಟ್ಟಿತು ಎಂದು ಇನ್ನು ಕೆಲವರು. ಇದನ್ನು ಮಾತ್ರ ನಾನು ಅಲ್ಲಗಳೆಯಲಾಗಲಿಲ್ಲ, ಆ ಮೆತ್ತನೆಯದು ಅಂಗೈಯಲ್ಲೇ ಕೂತಿತ್ತು.

ಅನಂತರಾಜುವಿನ ತಾಯಿ ಶಿವಲಿಂಗಮ್ಮನವರು ನನಗೂ ಅವ್ವನೇ. ಚಿಕ್ಕಂದಿನಲ್ಲಿ ಅವರ ಮನೆಯ ಮುದ್ದೆ ತಿಂದೇ ಬೆಳೆದವನು. ಮಗ ಮಲಗಿದ ಎಂಟು ತಿಂಗಳೂ ನಾನು ಹೋದಾಗಲೆಲ್ಲ ಅವರು ಬೈದರು. ಒಂದು ಗುಂಡಿ ಒತ್ತಲಾಗದವನು ಯಾಕಾದರೂ ಮೋಟರು ಕೆಲಸ ಕಲಿತೆ ಎಂದು ಬಾಗಿಲಲ್ಲೇ ಶುರು ಮಾಡಿ, ಬೈಯುತ್ತಲೇ ತಟ್ಟೆ ಇಟ್ಟು, ಬೈಯುತ್ತಲೇ ಸಾರು ಬಿಡುತ್ತಿದ್ದರು. ಅದು ನನಗೆ ವಾಸಿ. ಸಹಿಸಲಾಗದಿದ್ದದ್ದು ಅನಂತರಾಜುವಿನ ಮಾತು. ಮಲಗಿದ್ದಲ್ಲಿಂದಲೇ ನಕ್ಕು, ಆಗಿದ್ದು ಆಗಿಹೋಯಿತು ಬಿಡು ಎನ್ನುತ್ತಿದ್ದ. ಬೈಯ್ಯೋ ಮಾರಾಯ ಎಂದು ಒಂದು ಸಲ ಕೂಗಾಡಿದೆ. ಅದಕ್ಕೂ ಬಿಡು ಎಂದ.

ಹಂಸವನ್ನು ರಸೂಲ್‌ನ ಗೋಡೌನಿನಲ್ಲಿ ಟಾರ್ಪಾಲ್ ಮುಚ್ಚಿ ನೂಕಿದೆವು. ನನ್ನ ಕೈ ಮೇಲೆ ನನಗೆ ಅನುಮಾನ ಹತ್ತಿಕೊಂಡಿತು. ಸುತ್ತಿ ಮುಗಿಸಿದ ಮೋಟರನ್ನು ಪರೀಕ್ಷೆಗೆ ಹಚ್ಚುವಾಗ ಸ್ವಿಚ್ಚು ಹಾಕಲು ರಸೂಲ್‌ನನ್ನೋ ಮೋಟರು ತಂದವನನ್ನೋ ಕರೆಯುತ್ತಿದ್ದೆ. ಇಪ್ಪತ್ತು ವರ್ಷ ಕರೆಂಟಿನ ಜೊತೆ ಸಂಸಾರ ಮಾಡಿದವನ ಪಾಡು ಇದು. ನಾಚಿಕೆಗೆ ಇನ್ನಷ್ಟು ರೇಗುತ್ತಿದ್ದೆ.

ಹೀಗಿರುವಾಗ ಹೋದ ವರ್ಷ ದೀಪಾವಳಿ ಕಳೆದ ಮೇಲೆ ಅನಂತರಾಜು ತನ್ನ ಮಗಳು ದಿವ್ಯಳನ್ನು ಕರೆದುಕೊಂಡು ಅಂಗಡಿಗೆ ಬಂದ. ಅವಳು ಹಾರೋಹಳ್ಳಿಯ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಅವಳೂ ಜೊತೆಯ ಹೆಣ್ಣುಮಕ್ಕಳೂ ಸೇರಿ ಮೇಷ್ಟ್ರ ಇನ್ನೊಂದು ನಾಟಕ ಆಡುತ್ತಿದ್ದಾರಂತೆ, ಮರಳವಾಡಿಯಲ್ಲಿ, ಅದೇ ವೇದಿಕೆಯ ಮೇಲೆ. ಸೋಮವಾರ ಬೆಳಿಗ್ಗೆ ಆರಕ್ಕೆ ಎಲ್ಲರಿಗೂ ಶಿಫ್ಟು, ಅದಕ್ಕೆ ಭಾನುವಾರ ಮಧ್ಯಾಹ್ನ ಮೂರಕ್ಕೇ ಆಟ. ದಿವ್ಯ ದೇವಿ. ದೇವಿ ಹಂಸದ ಮೇಲೆ ಬರಬೇಕು.

ಬೇರೆ ಯಾರನ್ನಾದರೂ ನೋಡಿಕೊಳ್ಳಿ, ಹಂಸ ಕೊಡುತ್ತೇನೆ, ನಾನು ಮುಟ್ಟುವುದಿಲ್ಲ ಎಂದೆ. ತಲೆ ಕೆಟ್ಟಿದೆಯಾ ಎಂದೂ ಕೇಳಿದೆ. ಒಂದು ಕಾಲು ತೆಗೆದದ್ದು ಸಾಲದೆ, ಈಗ ಮಗಳನ್ನೂ ತಂದು ಕೂರಿಸುತ್ತೀಯಾ ಎಂದು ಬೀದಿಗೆ ಕೇಳುವಂತೆ ಕೂಗಿದೆ. ಅನಂತರಾಜು ನಾನು ಸುಮ್ಮನಾಗುವವರೆಗೂ ಸ್ಟೂಲಿನ ಮೇಲೆ ಕೂತಿದ್ದ.

“ನೀನೇ ಓಡುಸ್ಬೇಕು ಕಣ್ಲಾ. ಇನ್ಯಾರ್ ಕೈಗೂ ನನ್ ಮಗೀನ ಕೊಡಕಿಲ್ಲ. ನೀನ್ ಎಲ್ಡ್ನೇ ಸತಿ ತಪ್ ಮಾಡೋನಲ್ಲ.”

ಆ ಎರಡನೇ ಸಲ ಎಂಬ ಮಾತು ಎದೆಗೆ ಚುಚ್ಚಿತು. ಆದರೂ ಒಪ್ಪಿಕೊಂಡೆ. ಒಪ್ಪಿದ ದಿನದಿಂದ ನಿದ್ದೆ ಇನ್ನೂ ಹಾಳಾಯಿತು.

ಒಂದೂವರೆ ತಿಂಗಳು ಹಂಸದ ಹೊಟ್ಟೆಯೊಳಗೇ ಇದ್ದೆ ಎನ್ನಿ. ಹಳೆಯ ರಿಮೋಟು ಎಸೆದು ಬೇರೆ ಥರದ್ದು ಹಾಕಿದೆ. ಹೆಬ್ಬೆರಳು ಒತ್ತಿಕೊಂಡೇ ಇದ್ದರೆ ಮಾತ್ರ ಓಡುತ್ತದೆ, ಬೆರಳು ತೆಗೆದರೆ ನಿಂತುಬಿಡುತ್ತದೆ. ಒಳಗಿನ ಸ್ವಿಚ್ಚುಗಳನ್ನು ಜೋಡಿಯಾಗಿ ಹಾಕಿದೆ, ಒಂದು ಅಂಟಿಕೊಂಡರೆ ಇನ್ನೊಂದು ಕಡಿಯಲಿ ಎಂದು. ವೇಗವನ್ನು ಮುದುಕರ ನಡಿಗೆಗೆ ಇಳಿಸಿದೆ. ಕೆಂಪು ಗುಂಡಿಯನ್ನೂ ಹೊಸದು ಹಾಕಿದೆ, ಹಳೆಯದಕ್ಕೆ ಏನೂ ಆಗಿರಲಿಲ್ಲ, ನನಗೇ ಅದರ ಮುಖ ನೋಡಲಾಗಲಿಲ್ಲ. ವೇದಿಕೆಯ ಅಂಚಿನಿಂದ ನಾಲ್ಕಡಿ ಒಳಗೆ ಒಂದು ದಪ್ಪ ತೊಲೆಯನ್ನು ಬೋಲ್ಟು ಹಾಕಿ ಕೂರಿಸುವುದು ಎಂದು ಊರಿನವರನ್ನು ಒಪ್ಪಿಸಿದೆ, ಮೇಲೆ ಹೂಕುಂಡ ಜೋಡಿಸಿದರೆ ಕಾಣುವುದಿಲ್ಲ. ದಿವ್ಯಳಿಗೆ ಸೀರೆಯೊಳಗೆ ಸೊಂಟಕ್ಕೆ ಪಟ್ಟಿ. ಎದುರು ಬದಿಯಲ್ಲಿ ರಸೂಲ್ ನಿಂತಿರಬೇಕು, ಅವನಿಗೆ ನೋಡುವುದು ಬಿಟ್ಟು ಬೇರೆ ಕೆಲಸವಿಲ್ಲ, ಅವನು ಕೈ ಎತ್ತಿದರೆ ನಾನು ಕಾರಣ ಕೇಳದೆ ಬೆರಳು ತೆಗೆಯಬೇಕು. ನಮ್ಮ ಕಡೆ ಇನ್ನೊಂದು ಉಪದ್ರವವಿದೆ. ನಾಟಕದ ನಡುವೆಯೇ ಪಾತ್ರಧಾರಿಯ ನೆಂಟರು ಮೇಲೆ ಹತ್ತಿ ಹಾರ ಹಾಕುತ್ತಾರೆ. ಹಂಸ ನಿಂತು ನಾನು ಶಿಳ್ಳೆ ಊದುವವರೆಗೆ ಸ್ವಂತ ಸೋದರಮಾವನೂ ಹತ್ತಕೂಡದು ಎಂದು ಮೈಕಿನಲ್ಲಿ ಮೂರು ಸಲ ಹೇಳಿಸಲು ಮೇಷ್ಟ್ರ ಹತ್ತಿರ ಆಣೆ ಮಾಡಿಸಿಕೊಂಡೆ. ಕೊನೆಗೆ ನನಗೇ ಒಂದು ಕಟ್ಟಳೆ ಹಾಕಿಕೊಂಡೆ. ಪ್ರತಿ ಸಲವೂ ಮನುಷ್ಯರನ್ನು ಕೂರಿಸುವ ಮೊದಲು ಖಾಲಿ ಹಂಸವನ್ನು ಒಂದು ಮಾರು ಓಡಿಸಿ, ಓಡುತ್ತಿರುವಾಗಲೇ ಕೆಂಪು ಗುಂಡಿ ಒತ್ತಿ ನಿಲ್ಲಿಸಿ ನೋಡಬೇಕು.

ಆ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೇ ಮರಳವಾಡಿಗೆ ಹೋದೆವು. ತೊಲೆ ಕೂರಿಸಿ, ದಿವ್ಯಳ ಜಾಗದಲ್ಲಿ ಎರಡು ಮರಳಿನ ಚೀಲ ಕಟ್ಟಿ ಹನ್ನೊಂದು ಸಲ ಓಡಿಸಿದೆ. ಹನ್ನೊಂದು ಸಲವೂ ಗೆರೆಯ ಮೇಲೆ ನಿಂತಿತು. ಹೆಬ್ಬೆರಳು ಮಾತ್ರ ಬೆವರುತ್ತಿತ್ತು, ಪಂಚೆಗೆ ಒರೆಸಿ ಒರೆಸಿ ಅಂಚು ಒದ್ದೆಯಾಯಿತು. ಊಟಕ್ಕೆ ಕೂತರೆ ತುತ್ತು ಇಳಿಯಲಿಲ್ಲ. ರಸೂಲ್ ನನ್ನ ಎಲೆಯ ಪಾಯಸವನ್ನೂ ತಾನೇ ತಿಂದ, ಸ್ನೇಹಿತನೆಂದರೆ ಅಂಥವನು.

ಎರಡೂವರೆಗೆ ಬಣ್ಣ ಹಚ್ಚಿ ಮುಗಿದಿತ್ತು. ಶಿವಲಿಂಗಮ್ಮ ಹೂವಿನ ಬುಟ್ಟಿ ಹಿಡಿದು ವೇದಿಕೆಗೆ ಬಂದರು. ಮೊಮ್ಮಗಳು ಹತ್ತುವ ವಾಹನಕ್ಕೆ ಪೂಜೆ ಆಗದೆ ಹೇಗೆ. ಚಕ್ರಗಳಿಗೆ ನಿಂಬೆಹಣ್ಣು, ರಿಮೋಟಿಗೂ ಕುಂಕುಮ. ರಿಮೋಟು ನೆನೆಸಬೇಡಿ ಎಂದು ನಾನು ಕಿತ್ತುಕೊಂಡೆ, ಅದಕ್ಕೊಂದು ಬೈಗುಳ ಬಿತ್ತು. ಈ ಸಲವಾದರೂ ಕೈಗೆ ಒಸಿ ಜೀವ ತಂದುಕೋ ಎಂದೂ ಅಂದರು. ನಾನು ರಿಮೋಟು ಒರೆಸುತ್ತ ಬೆನ್ನು ತಿರುಗಿಸಿ ನಿಂತೆ. ಮಂಗಳಾರತಿ ಆಯಿತು, ಎಲ್ಲರೂ ಕಣ್ಣಿಗೆ ಒತ್ತಿಕೊಂಡರು, ಅವ್ವ ಕೆಳಗಿಳಿದು ಮುಂದಿನ ಸಾಲಿನಲ್ಲಿ ಕೂತರು.

ದಿವ್ಯಳನ್ನು ಕೂರಿಸುವ ಮೊದಲು ನನ್ನ ಕಟ್ಟಳೆಯಂತೆ ಖಾಲಿ ಹಂಸವನ್ನು ಹೊರಡಿಸಿದೆ. ಎಡಗೈಯಲ್ಲಿ ರಿಮೋಟು, ಬಗ್ಗಿ ಬಲ ಅಂಗೈಯಿಂದ ಕೆಂಪು ಗುಂಡಿ ಒತ್ತಿದೆ.

ಮೆತ್ತಗೆ ಹತ್ತಿತು. ಹಂಸ ನಿಲ್ಲಲಿಲ್ಲ.

ರಿಮೋಟಿನಿಂದ ಹೆಬ್ಬೆರಳು ತೆಗೆದೆ, ಅಲ್ಲೇ ನಿಂತಿತು. ಯಾರಿಗೂ ಏನೂ ಆಗಲಿಲ್ಲ, ಆಗುವಂತೆಯೂ ಇರಲಿಲ್ಲ. ಆದರೆ ಅದೇ ಮೆತ್ತನೆ. ಎರಡು ವರ್ಷ ಅಂಗೈಯಲ್ಲಿ ಇಟ್ಟುಕೊಂಡಿದ್ದ ಅದೇ ಮೆತ್ತನೆ. ಬಗ್ಗಿ ನೋಡಿದೆ. ಸೇವಂತಿಗೆಯ ಮಾಲೆಯನ್ನು ಗುಂಡಿಯ ತಲೆಯ ಕೆಳಗೆ, ಕುತ್ತಿಗೆಯ ಸಂದಿಯಲ್ಲಿ, ನಾಲ್ಕು ಸುತ್ತು ಬಿಗಿಯಾಗಿ ಸುತ್ತಿ ಬಾಳೆನಾರಿನಿಂದ ಗಂಟು ಹಾಕಲಾಗಿತ್ತು. ಗುಂಡಿ ಎಷ್ಟು ಒತ್ತಿದರೂ ಹೂವಿಗೂ ನಾರಿಗೂ ತಗುಲಿ ಅಲ್ಲೇ ನಿಲ್ಲುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ. ಇನ್ನೆಲ್ಲಿ ಕಟ್ಟಬೇಕು ಪಾಪ. ಹಂಸದ ಕತ್ತು ಅವ್ವನ ಕೈಗೆ ಎಟುಕದು, ಮೈ ನುಣುಪು, ಪೆಟ್ಟಿಗೆ ಚಪ್ಪಟೆ. ಇಡೀ ಹಂಸದಲ್ಲಿ ಒಂದು ಮಾಲೆ ಜಾರದೆ ನಿಲ್ಲುವ ಜಾಗವೆಂದರೆ ಅದೊಂದೇ. ಮೇಲಾಗಿ ಕೆಂಪಗೆ, ದುಂಡಗೆ, ಪೂಜೆಗೆಂದೇ ಇಟ್ಟ ಹಾಗಿದೆ.

ಪೆಟ್ಟಿಗೆಯ ಪಕ್ಕದಲ್ಲೇ ಕುಸಿದು ಕೂತೆ. ರಸೂಲ್ ಓಡಿ ಬಂದು ಎದೆನೋವಾ ಎಂದು ಕೇಳಿದ. ಹಳೆಯ ನಾಟಕದ ದಿನದ ಪೂಜೆಯ ಫೋಟೊ ಇದೆಯಾ ಎಂದು ಕೇಳಿದೆ. ಅವನು ಪ್ರತಿ ನಾಟಕದ ಪರದೆಯ ಫೋಟೊವನ್ನೂ ಗಿರಾಕಿಗಳಿಗೆ ತೋರಿಸಲು ಇಟ್ಟುಕೊಂಡಿರುತ್ತಾನೆ. ಬಿದ್ದ ವಿಡಿಯೋವನ್ನು ಊರೆಲ್ಲ ನೂರು ಸಲ ನೋಡಿತ್ತು, ಪೂಜೆಯ ಫೋಟೊವನ್ನು ಯಾರು ನೋಡುತ್ತಾರೆ. ಹುಡುಕಿ ತೆಗೆದ. ಬೆರಳಿನಿಂದ ಹಿಗ್ಗಿಸಿ ನೋಡಿದೆವು. ಶಿವಲಿಂಗಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದಾರೆ. ಮೊಣಕೈಯ ಪಕ್ಕದಲ್ಲಿ ಕೆಂಪು ಗುಂಡಿ, ಗುಂಡಿಯ ಕುತ್ತಿಗೆಗೆ ಹಳದಿ ಸೇವಂತಿಗೆ. ಹಂಸ ಮಗುಚಿದಾಗ ಮಾಲೆ ಹರಿದು ಹೂವೆಲ್ಲ ಚೆಲ್ಲಿಹೋಗಿತ್ತು. ಮರುದಿನ ಬೆಳಿಗ್ಗೆ ರಸೂಲ್ ಒತ್ತಿದ್ದು ಬೋಳು ಗುಂಡಿಯನ್ನು.

ನನ್ನ ಕೈ ಒತ್ತಿತ್ತು. ಸರಿಯಾಗಿ, ಸಮಯಕ್ಕೆ, ಬಲವಾಗಿ ಒತ್ತಿತ್ತು. ಅಯ್ಯೋ ದೇವರೇ, ಆ ನೆಮ್ಮದಿಯನ್ನು ಹೇಗೆ ಹೇಳಲಿ. ನಗು ಬಂತು, ಜೊತೆಗೇ ಅಳು ಬಂತು, ಮೂಗೂ ಸುರಿಯಿತು. ರಸೂಲ್ ನನ್ನ ಬೆನ್ನು ತಟ್ಟುತ್ತ ತಾನೂ ಅತ್ತ. ಮೊದಲ ಅಳು ಇಳಿದ ಮೇಲೆ ನನ್ನ ಹುಟ್ಟುಗುಣ ಎದ್ದಿತು. ಎರಡು ವರ್ಷ! ಕುಡುಕ ಎಂದವರು, ಹೇಡಿ ಎಂದವರು ಎಲ್ಲರೂ ಎದುರಿಗೇ ಕುರ್ಚಿಯಲ್ಲಿ ಕೂತು ಕಡಲೆಕಾಯಿ ತಿನ್ನುತ್ತಿದ್ದಾರೆ. ಆ ಫೋಟೊವನ್ನು ಬಸ್ಸಿನಷ್ಟು ದೊಡ್ಡ ಫ್ಲೆಕ್ಸು ಮಾಡಿಸಿ ಹಾರೋಹಳ್ಳಿ ಸರ್ಕಲ್ಲಿನಲ್ಲಿ ಕಟ್ಟಿಸುತ್ತೇನೆ ಎಂದುಕೊಂಡೆ. ಅಷ್ಟೇಕೆ, ಮೈಕು ಅಲ್ಲೇ ಇತ್ತು. ಎದ್ದು ಹೋಗಿ ಕೈಗೆ ತೆಗೆದುಕೊಂಡು ಊದಿಯೂ ಊದಿದೆ. ಜನ ತಲೆ ಎತ್ತಿದರು. ಮುಂದಿನ ಸಾಲಿನಲ್ಲಿ ಶಿವಲಿಂಗಮ್ಮ, ಖಾಲಿ ಬುಟ್ಟಿ ಮಡಿಲಲ್ಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. ಹಂಸ ಓಡುವಾಗ ಯಾರೂ ಹತ್ತಬೇಡಿ ಎಂದಷ್ಟೇ ಹೇಳಿ ಮೈಕು ಇಟ್ಟೆ.

ಮೊದಲು ಅನಂತರಾಜುವಿಗೆ ಹೇಳಬೇಕು. ಅವನು ಬಣ್ಣದ ಕೋಣೆಯ ಹಿಂದೆ ನಿಂತಿದ್ದ. ಫೋನು ಕೈಗೆ ಕೊಟ್ಟು, ಬಾಲದ ಹತ್ತಿರ ಕರೆದುಕೊಂಡು ಹೋಗಿ ಈಗಿನ ಮಾಲೆಯನ್ನೂ ತೋರಿಸಿದೆ. ತಾನೇ ಒಂದು ಸಲ ಗುಂಡಿ ಒತ್ತಿ ನೋಡಿದ. ಮತ್ತೆ ಫೋಟೊ ನೋಡಿದ.

“ಎಲ್ಡ್ ವರ್ಸದಿಂದ ಒಳಗೊಳಗೇ ನಿನ್ನ ಬೈಕಂಡೇ ಇವ್ನಿ ಕಣ್ಲಾ ಕುಮಾರ,” ಎಂದ. “ಕಾಲ್ ನೋವ್ ಬಂದಾಗೆಲ್ಲ ಬೈದಿವ್ನಿ. ಬಾಯಲ್ಲಿ ಮಾತ್ರ ಬುಡು ಬುಡು ಅಂತಿದ್ದೆ.”

ಗೊತ್ತಿತ್ತು ಎಂದೆ. ನಿಜಕ್ಕೂ ಗೊತ್ತಿತ್ತು, ಕೇಳಿ ಇನ್ನಷ್ಟು ಹಗುರವಾಯಿತು. ಅವನು ಫೋನು ವಾಪಸು ಕೊಟ್ಟ. ಯಾರಿಗೂ ಹೇಳಬೇಡ ಎಂದು ಕೇಳಿಕೊಳ್ಳುತ್ತಾನೆ ಎಂದುಕೊಂಡಿದ್ದೆ, ಕೇಳಲಿಲ್ಲ. ಊರಿನ ಮುಂದೆ ನಿನ್ನ ಹೆಸರು ಕೆಟ್ಟಿದೆ, ಹೇಳು ಎಂದರೆ ನಾನೇ ಮೈಕಿನಲ್ಲಿ ಹೇಳುತ್ತೇನೆ, ಅವ್ವನಿಗೆ ಆಮೇಲೆ ನಾನು ಹೇಗೋ ಸಮಾಧಾನ ಮಾಡಿಕೊಳ್ಳುತ್ತೇನೆ ಎಂದ. ಮೊದಲು ನಾಟಕವಾಗಲಿ ಎಂದೆ.

ಗಂಟು ಬಿಚ್ಚಿ, ಮಾಲೆ ಹರಿಯದಂತೆ ಸುತ್ತು ಬಿಡಿಸಿ, ಏಣಿ ಹಾಕಿ ಹಂಸದ ಕತ್ತಿಗೆ ಹಾಕಿದೆ. ಅಲ್ಲಿಂದ ಯಾಕೆ ತೆಗೆದೆ ಎಂದು ಶಿವಲಿಂಗಮ್ಮ ಕೆಳಗಿನಿಂದಲೇ ಕೇಳಿದರು. ಅಲ್ಲಿ ಶಾಖವಾಗುತ್ತದೆ, ಹೂವು ಬಾಡುತ್ತದೆ ಎಂದೆ. ಖಾಲಿ ಹಂಸವನ್ನು ಹಿಂದಕ್ಕೆ ತಂದು ಮತ್ತೆ ಓಡಿಸಿದೆ. ಬಲ ಅಂಗೈ ಇಟ್ಟೆ. ಟಕ್ಕೆಂದಿತು, ನಿಂತಿತು. ಇನ್ನೊಂದು ಸಲ. ಟಕ್. ಬೇಕಿಲ್ಲದಿದ್ದರೂ ಐದು ಸಲ ಮಾಡಿದೆ. ರಸೂಲ್ ಸಾಕು ಮಾರಾಯ, ಬ್ಯಾಟರಿ ಉಳಿಸು ಎಂದ.

ಮೂರೂ ಇಪ್ಪತ್ತಕ್ಕೆ ದೇವಿ ಬಂದಳು. ನನ್ನ ಹೆಬ್ಬೆರಳು ಒಣಗಿತ್ತು. ಹಂಸ ಪರದೆಯ ಹಿಂದೆ ಬಿಟ್ಟಿದ್ದ ಹೊಗೆಯಿಂದ ಹೊರಬಂದು ನಿಧಾನವಾಗಿ ಸಾಗಿತು, ದಿವ್ಯ ಒಂದು ಕೈ ಎತ್ತಿ ಅಭಯ ಕೊಟ್ಟಳು, ಎದುರು ಬದಿಯಲ್ಲಿ ರಸೂಲ್ ಕಣ್ಣು ಮಿಟುಕಿಸದೆ ನಿಂತಿದ್ದ. ಅರ್ಧ ದಾರಿಯಲ್ಲಿ ಅವನ ಕೈ ಮೇಲೆ ಹೋಯಿತು. ಬೆರಳು ತೆಗೆದೆ, ಹಂಸ ನಿಂತಿತು. ಯಾರೋ ಸೋದರಮಾವ ಗುಲಾಬಿ ಹಾರ ಹಿಡಿದು ಮೆಟ್ಟಿಲು ಹತ್ತಿಯೇ ಬಿಟ್ಟಿದ್ದ, ರಸೂಲ್ ಅವನನ್ನು ಸೊಂಟ ಹಿಡಿದು ಇಳಿಸಿದ. ಜನ ಅದನ್ನೂ ನಾಟಕವೆಂದೇ ತಿಳಿದು ಚಪ್ಪಾಳೆ ಹೊಡೆದರು. ಮತ್ತೆ ಒತ್ತಿದೆ. ಗೆರೆಯ ಮೇಲೆ ತಂದು ನಿಲ್ಲಿಸಿದೆ, ಒಂದು ಬೆರಳು ಆಚೆ ಇಲ್ಲ, ಈಚೆ ಇಲ್ಲ. ಶಿಳ್ಳೆ ಊದಿದೆ. ದಿವ್ಯ ಪಟ್ಟಿ ಬಿಚ್ಚಿಕೊಂಡು ತನ್ನ ಕಾಲ ಮೇಲೆ ತಾನು ಇಳಿದು ನಿಂತದ್ದನ್ನು ನೋಡಿ ಎದೆ ತುಂಬ ಉಸಿರು ಬಿಟ್ಟೆ. ಎಷ್ಟು ದಿನವಾಗಿತ್ತೋ ಹಾಗೆ ಉಸಿರು ಬಿಟ್ಟು.

ಐದೂವರೆಗೆ ನಾಟಕ ಮುಗಿಯಿತು. ಇನ್ನೂ ಬಿಸಿಲಿತ್ತು. ಜನ ಕರಗಿದರು,  ರಸೂಲ್ ಪರದೆ ಸುತ್ತುತ್ತಿದ್ದ, ನಾನು ಬ್ಯಾಟರಿಯ ತಂತಿ ಬಿಚ್ಚುತ್ತಿದ್ದೆ. ಅನಂತರಾಜು ಕುರ್ಚಿ ಜೋಡಿಸುವ ನೆಪದಲ್ಲಿ ನನ್ನ ಸುತ್ತಲೇ ಸುಳಿಯುತ್ತಿದ್ದ. ಮೇಷ್ಟ್ರು ಮೈಕು ಇನ್ನೂ ಬಿಚ್ಚಿರಲಿಲ್ಲ. ಹೇಳುವುದಿದ್ದರೆ ಇದೇ ಹೊತ್ತು ಎಂದು ಇಬ್ಬರಿಗೂ ಗೊತ್ತಿತ್ತು.

ಅಷ್ಟರಲ್ಲಿ ಶಿವಲಿಂಗಮ್ಮ ಕಂಬ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಹಂಸದ ಬಾಲದ ಹತ್ತಿರ ನಿಂತು, ಬೋಳಾದ ಕೆಂಪು ಗುಂಡಿಯನ್ನು ಬೆರಳಿನಿಂದ ಮುಟ್ಟಿದರು. ಒತ್ತಿದರು. ಟಕ್ಕೆಂದಿತು. ಅವರು ಪೆದ್ದಿಯಲ್ಲ. ಮಧ್ಯಾಹ್ನ ನಾನು ಅದನ್ನು ಒತ್ತಿದ್ದು, ಕುಸಿದು ಕೂತದ್ದು, ಆಮೇಲೆ ಹೂವು ಬಿಚ್ಚಿದ್ದು ಎಲ್ಲವನ್ನೂ ಮುಂದಿನ ಸಾಲಿನಿಂದ ನೋಡಿದ್ದರು. ನಾಟಕ ಮುಗಿಯುವವರೆಗೆ ಅದನ್ನೇ ಯೋಚಿಸುತ್ತ ಕೂತಿದ್ದರೋ ಏನೋ, ಮುಖ ಸಣ್ಣದಾಗಿತ್ತು.

“ಕುಮಾರ,” ಎಂದರು, “ಅವತ್ತೂ ನಾನು ಹೂವ ಇಲ್ಲೇ ಕಟ್ಟಿದ್ನೇನಪ್ಪಾ?”

ಅನಂತರಾಜುವಿನ ಕೈಯಲ್ಲಿದ್ದ ಕುರ್ಚಿ ಅಲ್ಲೇ ನಿಂತಿತು. ಅವ್ವನ ಕೈ ಗುಂಡಿಯ ಮೇಲೆಯೇ ಇತ್ತು. ನನ್ನ ಕೈಯದೇ ತಪ್ಪು ಎಂದುಕೊಂಡು ಎರಡು ವರ್ಷ ಹೇಗೆ ಕಳೆದೆ ಎಂದು ನನಗೆ ಗೊತ್ತು. ನಲವತ್ತಾರರ ಗಟ್ಟಿ ಆಳು ನಾನು, ನನ್ನನ್ನೇ ಅದು ತಿಂದುಹಾಕಿತ್ತು. ಇವರಿಗೆ ಎಪ್ಪತ್ತನಾಲ್ಕು. ಜೇಬಿನಲ್ಲಿ ಫೋನಿತ್ತು, ಫೋನಿನಲ್ಲಿ ರಸೂಲ್ ಕಳಿಸಿದ್ದ ಫೋಟೊ ಇತ್ತು.

“ಇಲ್ಲ ಕಣವ್ವ,” ಎಂದೆ. “ಅವತ್ತು ನಿನ್ ಕೈಯಿಂದ ಹೂವ ಇಸ್ಕಂಡು ಅನಂತ್‌ರಾಜನೇ ಹಂಸದ ಕತ್ತಿಗೆ ಹಾಕ್ದ. ಗೆಪ್ತಿ ಇಲ್ವಾ?”

ಅವ್ವ ಮಗನ ಕಡೆ ತಿರುಗಿದರು. ಅನಂತರಾಜು ಬಾಯಿ ತೆರೆದವನು ಒಂದು ಕ್ಷಣ ನನ್ನನ್ನೇ ನೋಡಿದ.

“ಊ ಕಣವ್ವ,” ಎಂದ. “ನಾನೇ ಹಾಕಿದ್ದು. ಏಣಿ ಹತ್ತಿದ್ದೆ.”

ಶಿವಲಿಂಗಮ್ಮ ಹಂಸದ ಬದಿಗೆ ಒರಗಿ ನಿಂತರು. ಬಿಟ್ಟ ಉಸಿರು ನನಗೆ ಕೇಳಿಸಿತು. ವಯಸ್ಸಾಯಿತು, ಯಾವುದೂ ನೆನಪಿರುವುದಿಲ್ಲ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಸೆರಗಿನಿಂದ ಮುಖ ಒರೆಸಿಕೊಂಡರು. ಒರೆಸಿಕೊಂಡು ತಲೆ ಎತ್ತುವಷ್ಟರಲ್ಲಿ ಹಳೆಯ ಶಿವಲಿಂಗಮ್ಮನೇ ಆಗಿದ್ದರು.

“ಅಂಗಾದ್ರೆ ನೀನೇ ಸರ್ಯಾಗ್ ಒತ್ನಿಲ್ಲ.”

“ಊ ಕಣವ್ವ. ನಾನೇ ಸರ್ಯಾಗ್ ಒತ್ನಿಲ್ಲ.”

ಅನಂತರಾಜು ಸುತ್ತಿಟ್ಟ ಪರದೆಯ ಕಡೆಗೆ ತಿರುಗಿ ಮುಖ ಮುಚ್ಚಿಕೊಂಡ. ಅವ್ವ ಅಲ್ಲೇ ನಿಂತು ನನ್ನನ್ನು ಹತ್ತು ನಿಮಿಷ ಬೈದರು, ಬಾಯಿ ನೋಯುವವರೆಗೆ ಬೈದರು. ಕುರ್ಚಿ ಹೊರುತ್ತಿದ್ದ ಊರಿನವರೂ ನಿಂತು ಕೇಳಿದರು. ನಾನು ತಂತಿ ಸುತ್ತುತ್ತ ಪ್ರತಿಯೊಂದು ಮಾತಿಗೂ ಹೂಂಗುಟ್ಟಿದೆ. ಒಂದೂ ನನಗೆ ತಾಗಲಿಲ್ಲ.